ಗುಡುಗುಡಿಯಿಂದ ‘ಜಗ್ ಚಂಗಾ’ವರೆಗೆ: ಒಂದು ಬ್ಯಾಂಡ್ ಬೆಳೆದದ್ದು ಹುಬ್ಬಳ್ಳಿ ಕಿವಿಗೆ ಕೇಳಿಸಿದ ಹಾಗೆ

2009ರಲ್ಲಿ ನಾನು ಹುಬ್ಬಳ್ಳಿಯಲ್ಲಿ ಎಂಜಿನಿಯರಿಂಗ್ ಓದ್ತಿದ್ದೆ. ವಿದ್ಯಾನಗರದ ಒಂದು ರೂಮಿನಲ್ಲಿ ನಾಲ್ಕು ಜನ, ಒಂದು ಕಂಪ್ಯೂಟರ್, ಎಲ್ಲರ ಹತ್ತಿರವೂ ಮೆಮೊರಿ ಕಾರ್ಡ್ ಹಾಕುವ ಫೋನು. ಹಾಡು ಬರ್ತಿದ್ದದ್ದು ಬ್ಲೂಟೂತ್‌ನಲ್ಲಿ. ಹಾಗೆ ಬಂದ ಒಂದು ಫೈಲಿಗೆ ಯಾರೋ ‘ಗುಡುಗುಡಿ ರಾಕ್’ ಅಂತ ಹೆಸರಿಟ್ಟಿದ್ದರು. ಗಿಟಾರು, ಡ್ರಮ್ಸು, ಅದರ ಮೇಲೆ ಕಂಚಿನಂಥ ಗಂಡು ಕಂಠ. ಎರಡನೇ ಸಾಲಿಗೆ ಬರುವಷ್ಟರಲ್ಲಿ ನನಗೆ ಗೊತ್ತಾಯ್ತು: ಇದು ನಮ್ಮ ಸೋದರಮಾವನ ಪದ. ಕುಂದಗೋಳ ತಾಲೂಕಿನ ಅವರ ಊರಲ್ಲಿ ಸೋಮವಾರ ರಾತ್ರಿ ಭಜನಿ ಮೇಳದವರು ಹಾಡೋದನ್ನ ಸಣ್ಣಂದಿನಿಂದ ಕೇಳಿದ್ದೆ. ಅದೇ ಮಾತು, ಬೇರೆ ದಾಟಿ.

ಆ ಫೈಲು ‘ದಿ ರಘು ದೀಕ್ಷಿತ್ ಪ್ರಾಜೆಕ್ಟ್’ ಎಂಬ ಬೆಂಗಳೂರಿನ ಬ್ಯಾಂಡಿನದು. ಅವರ ಮೊದಲ ಆಲ್ಬಮ್ 2008ರದ್ದು, ಎರಡನೆಯದು 2013ರ ‘ಜಗ್ ಚಂಗಾ’. ಇವೆರಡರ ನಡುವಿನ ಐದು ವರ್ಷಗಳಲ್ಲಿ ಕನ್ನಡ ಹಾಡನ್ನು ಬೆನ್ನಿಗೆ ಕಟ್ಟಿಕೊಂಡು ಒಂದು ಗುಂಪು ಹೇಗೆ ಬೆಳೆಯಿತು, ಆ ಬೆಳವಣಿಗೆಯಲ್ಲಿ ಯಾರ ಹೆಸರು ಉಳಿಯಿತು, ಯಾರದ್ದು ಉಳಿಯಲಿಲ್ಲ ಅನ್ನೋದನ್ನ ಒಂದು ಕಡೆ ಬರೆದಿಡಬೇಕು ಅಂತ ಬಹಳ ದಿನದಿಂದ ಅನ್ನಿಸಿತ್ತು. ಬ್ಯಾಂಡಿನ ಹೊಸ ಕೇಳುಗರಿಗೆ ಇದು ಒಂದಿಷ್ಟು ಹಿನ್ನೆಲೆ ಕೊಟ್ಟರೆ ಸಾಕು.

ಮೈಸೂರಿನಿಂದ ಶುರು

ರಘು ದೀಕ್ಷಿತ್ ಹುಟ್ಟಿದ್ದು 1974ರಲ್ಲಿ, ನಾಸಿಕ್‌ನಲ್ಲಿ, ಬೆಳೆದದ್ದು ಮೈಸೂರಿನಲ್ಲಿ. ಮೈಕ್ರೋಬಯಾಲಜಿ ಎಂಎಸ್ಸಿ, ಜೊತೆಗೆ ಭರತನಾಟ್ಯ. ಗಂಡು ಹುಡುಗ ಕುಣಿಯುವುದನ್ನು ಆಡಿಕೊಂಡ ಸಹಪಾಠಿಯ ಸವಾಲಿಗೆ ಗಿಟಾರ್ ಹಿಡಿದೆ ಅನ್ನುವ ಕತೆಯನ್ನು ಅವರೇ ಸಂದರ್ಶನಗಳಲ್ಲಿ ಹೇಳಿದ್ದಾರೆ. 90ರ ದಶಕದ ಕೊನೆಗೆ ಪಿಟೀಲು ವಾದಕ ಎಚ್.ಎನ್. ಭಾಸ್ಕರ್ ಜೊತೆ ‘ಅಂತರಾಗ್ನಿ’ ಎಂಬ ಬ್ಯಾಂಡ್ ಕಟ್ಟಿದರು. ಅದು ಮುರಿಯಿತು. 2005ರಲ್ಲಿ ‘ಪ್ರಾಜೆಕ್ಟ್’ ಶುರುವಾಯ್ತು. ಹೆಸರಿನ ಹಿಂದಿನ ವಿಚಾರ ಸರಳ: ಕಾಯಂ ಸದಸ್ಯರ ಬ್ಯಾಂಡ್ ಆಗುವ ಬದಲು, ಬೇರೆ ಬೇರೆ ಕಲಾವಿದರು ಬಂದು ಹೋಗುವ ತೆರೆದ ಮನೆ. ಬಾಸ್ ಗಿಟಾರಿನ ಗೌರವ್ ವಾಜ್, ಗಿಟಾರಿನ ವಿಜಯ್ ಜೋಸೆಫ್ ಬಹಳ ಕಾಲ ಈ ಮನೆಯಲ್ಲಿ ಉಳಿದವರು. ಎಷ್ಟು ಜನ ಕನ್ನಡ ಕೇಳುಗರಿಗೆ ಈ ಎರಡು ಹೆಸರು ಗೊತ್ತು? ಇದಕ್ಕೆ ಆಮೇಲೆ ಬರ್ತೀನಿ.

ಅದೇ 2005ರಲ್ಲಿ ಬೆಂಗಳೂರು ಅರಮನೆ ಮೈದಾನದಲ್ಲಿ ಸಿ. ಅಶ್ವತ್ಥ್ ‘ಕನ್ನಡವೇ ಸತ್ಯ’ ಕಾರ್ಯಕ್ರಮ ಮಾಡಿದ್ದರು. ಲಕ್ಷ ಜನ ಸೇರಿದ್ದರು ಅಂತ ಈಗಲೂ ಹೇಳ್ತಾರೆ. ಕನ್ನಡ ಸುಗಮ ಸಂಗೀತಕ್ಕೆ ಅಂಥ ಜನ ಇದ್ದಾರೆ ಅಂತ ಗೊತ್ತಾದ ಹೊತ್ತಿನಲ್ಲೇ, ಗಿಟಾರ್ ಹಿಡಿದು ಕನ್ನಡ ಹಾಡುವ ಹುಡುಗರಿಗೆ ಕ್ಯಾಸೆಟ್ ಕಂಪನಿಗಳು ಬಾಗಿಲು ತೆಗೆಯುತ್ತಿರಲಿಲ್ಲ. ಸಿನಿಮಾ ಬಿಟ್ಟರೆ ಭಕ್ತಿಗೀತೆ, ಭಕ್ತಿಗೀತೆ ಬಿಟ್ಟರೆ ಭಾವಗೀತೆ. ನಾಲ್ಕನೆಯ ಕಪಾಟೇ ಅಂಗಡಿಯಲ್ಲಿ ಇರಲಿಲ್ಲ. ಕಡೆಗೆ ಮುಂಬೈನಲ್ಲಿ ಇವರ ಹಾಡು ಕೇಳಿದ ವಿಶಾಲ್-ಶೇಖರ್ ಜೋಡಿ ತಮ್ಮದೇ ಲೇಬಲ್ಲಿನಿಂದ ಆಲ್ಬಮ್ ತಂದರು. ಅಂದರೆ ಕನ್ನಡದ ಈ ಹಾಡುಗಳಿಗೆ ರೊಕ್ಕ ಹಾಕಿದ್ದು ಹಿಂದಿ ಸಿನಿಮಾ ಸಂಗೀತದವರು. ಕನ್ನಡದ ಉದ್ಯಮ ನಾಚಿಕೆಪಡಬೇಕಾದ ವಿಷಯ ಇದು, ಯಾರೂ ಪಟ್ಟ ಹಾಗೆ ಕಾಣಲಿಲ್ಲ.

ಉತ್ತರ ಕರ್ನಾಟಕದ ಒಳಊರುಗಳಿಗೆ ಅವರ ಹೆಸರು ಮುಟ್ಟಿದ್ದು ಮಾತ್ರ ಸಿನಿಮಾದಿಂದಲೇ. 2008ರ ‘ಸೈಕೋ’ ಚಿತ್ರದ ಮಹದೇಶ್ವರನ ಹಾಡು ಟಂಟಂ ಗಾಡಿಯಿಂದ ಹಿಡಿದು ಗಣಪತಿ ಪೆಂಡಾಲಿನ ತನಕ ಎಲ್ಲಾ ಕಡೆ ಮೊಳಗಿತು. ಚಾಮರಾಜನಗರದ ಕಡೆಯ ದೇವರು ಹುಬ್ಬಳ್ಳಿಯ ಗಣಪತಿ ಮೆರವಣಿಗೆಯಲ್ಲಿ ಕುಣಿಸಿದ್ದು ನೋಡಿ ನಮ್ಮ ರೂಮಿನವರಿಗೆ ಭಾಳ ಮಜಾ.

ಶರೀಫರ ಪದ ಬ್ಯಾಂಡಿಗೆ ಯಾಕೆ ಒಗ್ಗಿತು

ಮೊದಲ ಆಲ್ಬಮ್‌ನಲ್ಲಿ ಹಿಂದಿ, ಇಂಗ್ಲಿಷ್, ಕನ್ನಡ ಮೂರೂ ಇವೆ. ಅದರಲ್ಲಿ ಕನ್ನಡದ ಬಲ ಎಲ್ಲಾ ಶಿಶುನಾಳ ಶರೀಫರದ್ದು: ‘ಗುಡುಗುಡಿಯ ಸೇದಿ ನೋಡೋ’ ಮತ್ತು ‘ಸೋರುತಿಹುದು ಮನೆಯ ಮಾಳಿಗಿ’.

ಶರೀಫರು 1819ರಿಂದ 1889ರವರೆಗೆ ಬದುಕಿದವರು. ಶಿಶುನಾಳ ಈಗ ಹಾವೇರಿ ಜಿಲ್ಲೆಯ ಶಿಗ್ಗಾವಿ ತಾಲೂಕಿನಲ್ಲಿದೆ. 1997ರಲ್ಲಿ ಜಿಲ್ಲೆ ಒಡೆಯುವ ತನಕ ಅದು ಧಾರವಾಡ ಜಿಲ್ಲೆ. ಗುರು ಕಳಸದ ಗೋವಿಂದ ಭಟ್ಟರು, ಕಳಸ ಕುಂದಗೋಳದ ಕಡೆಯ ಊರು. ಶರೀಫರು ಸ್ವಲ್ಪ ಕಾಲ ಸಾಲಿ ಮಾಸ್ತರಿಕೆ ಮಾಡಿದ್ದರು. ಅವರ ಪದಗಳು ಅವರ ಕಾಲದಲ್ಲಿ ಪುಸ್ತಕವಾಗಿ ಬರಲಿಲ್ಲ, ಬಾಯಿಂದ ಬಾಯಿಗೆ ದಾಟಿ ಉಳಿದವು. ಗುಡುಗುಡಿ ಅಂದರೆ ಹುಕ್ಕಾ, ಮಾಳಿಗಿ ಅಂದರೆ ಮಣ್ಣಿನ ಮ್ಯಾಲ್ಛಾವಣಿ. ಮಳೆಗಾಲದಲ್ಲಿ ಮಾಳಿಗಿ ಸೋರೋದು ಏನು ಅಂತ ನಮ್ಮ ಕಡೆಯವರಿಗೆ ಯಾರೂ ವಿವರಿಸಬೇಕಿಲ್ಲ. ಪಾತ್ರೆ ಎಲ್ಲೆಲ್ಲಿ ಇಡಬೇಕು ಅನ್ನೋದೂ ಗೊತ್ತು. ಶರೀಫರು ಮನೆಯೊಳಗಿನ ಇಂಥ ಸಾಮಾನನ್ನೇ ತಗೊಂಡು ದೇಹ, ಮನಸ್ಸು, ಸಾವಿನ ಮಾತು ಆಡಿದರು.

ಇದು ಎಲ್ಲರೂ ಹೇಳುವ ವಿಷಯ. ಕಡಿಮೆ ಹೇಳುವ ವಿಷಯ ಪದದ ಕಟ್ಟಡದ್ದು. ತತ್ವಪದಕ್ಕೆ ಒಂದು ಪಲ್ಲವಿ, ನಾಲ್ಕಾರು ನುಡಿ, ಕೊನೆಗೆ ಅಂಕಿತ. ಭಜನಿ ಮೇಳದಲ್ಲಿ ಮುಂದಿನವನು ಒಂದು ಸಾಲು ಎತ್ತುತ್ತಾನೆ, ಹಿಂದಿನವರು ಅದನ್ನೇ ಹಿಡಿದು ತಿರುಗಿಸುತ್ತಾರೆ. ಪ್ರತಿ ನುಡಿ ಆದ ಮೇಲೆ ಎಲ್ಲರೂ ಪಲ್ಲವಿಗೆ ವಾಪಸ್. ಮೊದಲು ನಿಧಾನ, ಆಮೇಲೆ ತಾಳ, ದಮ್ಮಡಿ ಸೇರಿ ಓಟ ಏರುತ್ತದೆ. ಕೊನೆಯ ನುಡಿಗೆ ಬರುವಾಗ ಕೂತವರೂ ಹಾಡುತ್ತಿರುತ್ತಾರೆ. ಕೇಳುವವರು, ಹಾಡುವವರು ಅನ್ನುವ ಗೆರೆ ಅಲ್ಲಿ ಅಷ್ಟು ಗಟ್ಟಿ ಇಲ್ಲ. ರಾಕ್ ಹಾಡಿನ ಕೋರಸ್ ಮಾಡುವ ಕೆಲಸ ಕೂಡ ಇದೇ. ಭಾವಗೀತೆ ಬಹುತೇಕ ಒಬ್ಬನೇ ತನ್ನಷ್ಟಕ್ಕೆ ಆಡಿಕೊಳ್ಳುವ ಮಾತು. ಅದಕ್ಕೆ ಡ್ರಮ್ಸ್ ಇಟ್ಟರೆ ಮೈಮೇಲೆ ದೊಗಳೆ ಅಂಗಿ ಹಾಕಿದ ಹಾಗೆ. ಶರೀಫರ ಪದ ಹುಟ್ಟಿದ್ದೇ ಗುಂಪಿಗಾಗಿ. ರಘು ದೀಕ್ಷಿತ್ ಗುಡುಗುಡಿಗೆ ಹೊಸ ದಾಟಿ ಹಾಕಿದರೂ ಈ ಕಟ್ಟಡ ಮುಟ್ಟಲಿಲ್ಲ. ಪಲ್ಲವಿಗೆ ಬಂದಾಗ ಜನ ಬಾಯಿ ತೆಗೀಲೇಬೇಕು. ಹಾಡು ಗೆದ್ದಿದ್ದು ಅಲ್ಲಿ ಅಂತ ನನ್ನ ಅನಿಸಿಕೆ. ‘ಫ್ಯೂಷನ್’ ಅನ್ನೋ ಮಾತಿಗೂ ಇದಕ್ಕೂ ಹೆಚ್ಚು ಸಂಬಂಧ ಇಲ್ಲ.

ಹೊಸ ದಾಟಿ ಹಾಕಿದ್ದು ಅಪಚಾರ ಅಂತ ಆಗ ಕೆಲವರು ಅಂದಿದ್ದು ನೆನಪಿದೆ. ಆ ದೂರು ಪೂರ್ತಿ ಒಪ್ಪುವಂಥದ್ದಲ್ಲ. ಇವತ್ತು ನಾವು ‘ಶರೀಫರ ದಾಟಿ’ ಅಂದುಕೊಂಡಿರೋದರಲ್ಲಿ ಬಹಳಷ್ಟು ಅಶ್ವತ್ಥ್ ಹಾಕಿದ್ದು. 80ರ ದಶಕದ ಕ್ಯಾಸೆಟ್ಟುಗಳಲ್ಲಿ ಅಶ್ವತ್ಥ್, ಶಿವಮೊಗ್ಗ ಸುಬ್ಬಣ್ಣ ಹಾಡಿದರು, 1990ರಲ್ಲಿ ಟಿ.ಎಸ್. ನಾಗಾಭರಣರ ‘ಸಂತ ಶಿಶುನಾಳ ಶರೀಫ’ ಬಂತು. ಶ್ರೀಧರ್ ಶರೀಫರಾಗಿ, ಗಿರೀಶ ಕಾರ್ನಾಡ್ ಗೋವಿಂದ ಭಟ್ಟರಾಗಿ ನಟಿಸಿದ ಸಿನಿಮಾ. ಅದರಿಂದ ಆಚೆಗೆ ಇಡೀ ಕರ್ನಾಟಕಕ್ಕೆ ಶರೀಫ ಅಂದರೆ ಅಶ್ವತ್ಥರ ಸ್ವರ. ಭಜನಿ ಮೇಳದ ಹಳೆಯ ದಾಟಿಗಳು ಆಗಲೇ ಅರ್ಧ ಮುಚ್ಚಿಹೋಗಿದ್ದವು. ಹಾಗಾಗಿ 2008ರಲ್ಲಿ ಬ್ಯಾಂಡು ಕೆಡಿಸಿತು ಅನ್ನೋದು ‘ಮೂಲ’ವನ್ನೇನೂ ಅಲ್ಲ. ಒಂದು ಬದಲಾವಣೆಯ ಮೇಲೆ ಇನ್ನೊಂದು ಬದಲಾವಣೆ, ಅಷ್ಟೇ.

ಫೋನಿನಲ್ಲಿದ್ದ ಹಾಡನ್ನು ಆ ವರ್ಷ ದೀಪಾವಳಿಗೆ ಊರಿಗೆ ಹೋದಾಗ ಮಾಮಾಗೆ ಕೇಳಿಸಿದೆ. ಕಣ್ಣು ಮುಚ್ಚಿ ಪೂರ್ತಿ ಕೇಳಿದರು.

‘ಯಾರಪಾ ಇಂವ?’

‘ಮೈಸೂರ ಕಡೆಯವ್ರು ಮಾಮಾ. ಬೆಂಗಳೂರಾಗ ಇರ್ತಾರ.’

‘ದನಿ ಛಲೋ ಐತಿ. ಆದ್ರ ಹಿಮ್ಮೇಳದವ್ರಿಗೆ ಜಗಾನ ಕೊಟ್ಟಿಲ್ಲಲ್ಲೋ ತಮ್ಮಾ, ಎಲ್ಲಾ ತಾನ ಹಾಡ್ತಾನ.’

ಮೊದಲ ಆಲ್ಬಮ್ ಬಗ್ಗೆ ಆಮೇಲೆ ನಾನು ಓದಿದ ಯಾವ ವಿಮರ್ಶೆಯೂ ಇಷ್ಟು ಸರಿಯಾಗಿ ಮಾತಾಡಿಲ್ಲ.

ಲುಂಗಿ, ಗೆಜ್ಜೆ, ಬಿಬಿಸಿ

2010ರಲ್ಲಿ ಬ್ಯಾಂಡು ಬಿಬಿಸಿಯ ‘ಲೇಟರ್... ವಿತ್ ಜೂಲ್ಸ್ ಹಾಲೆಂಡ್’ ಕಾರ್ಯಕ್ರಮದಲ್ಲಿ ಹಾಡಿತು. ಅದರ ಬೆನ್ನಿಗೇ ಬ್ರಿಟನ್ನಿನ ಐಟ್ಯೂನ್ಸ್ ವರ್ಲ್ಡ್ ಮ್ಯೂಸಿಕ್ ಪಟ್ಟಿಯಲ್ಲಿ ಆಲ್ಬಮ್ ಮೇಲಕ್ಕೆ ಹೋಯಿತು. 2011ರಲ್ಲಿ ಗ್ಲಾಸ್ಟನ್‌ಬರಿ ಉತ್ಸವ, ಅದೇ ವರ್ಷ ಸಾಂಗ್‌ಲೈನ್ಸ್ ಪತ್ರಿಕೆಯ ಹೊಸಬರ ಪ್ರಶಸ್ತಿ. 2012ರಲ್ಲಿ ಎಲಿಜಬೆತ್ ರಾಣಿಯ ವಜ್ರಮಹೋತ್ಸವ ಸಂಭ್ರಮದಲ್ಲೂ ಹಾಡಿದರು. ಮೊದಲ ಆಲ್ಬಮ್ ಬಂದು ಎರಡು ವರ್ಷ ಆದ ಮೇಲೆ ಹೊರದೇಶದಲ್ಲಿ ಗೆದ್ದ ಸುದ್ದಿ ಬಂದು, ಆಮೇಲೆ ನಮ್ಮ ಪತ್ರಿಕೆಗಳ ಮುಖಪುಟ. ನಮ್ಮಲ್ಲಿ ಇದು ಹೊಸ ಕತೆಯೇನಲ್ಲ.

ಬಣ್ಣದ ಲುಂಗಿ, ಕಾಲಿಗೆ ಗೆಜ್ಜೆ: ಅವರ ವೇದಿಕೆಯ ವೇಷ. ಗೆಜ್ಜೆ ಭರತನಾಟ್ಯದಿಂದ ಬಂದದ್ದು ಅಂತ ಇಟ್ಟುಕೊಳ್ಳೋಣ. ಲುಂಗಿ ಮಾತ್ರ ಶರೀಫರ ಸೀಮೆಯದ್ದಲ್ಲ, ಇಲ್ಲಿನ ಹಿರಿಯರು ಉಡೋದು ಧೋತರ. ಹಾಡು ನಮ್ಮದು, ಉಡುಪು ಇನ್ಯಾವುದೋ ಊರಿನದು. ಹೊರಗಿನವರಿಗೆ ಎಲ್ಲಾ ಸೇರಿ ‘ಇಂಡಿಯಾ’. ಇದನ್ನು ನಾನು ದೊಡ್ಡ ತಪ್ಪು ಅಂತ ಹೇಳ್ತಿಲ್ಲ. ಆದರೆ ‘ಜಾನಪದ’ ಅಂತ ಒಂದೇ ಗೋಣಿಚೀಲದಲ್ಲಿ ಮಹದೇಶ್ವರನ ಪದ, ಶರೀಫರ ತತ್ವಪದ, ಲುಂಗಿ ಎಲ್ಲಾ ತುಂಬಿದಾಗ ಏನೋ ಕಳೆದುಹೋಗುತ್ತೆ.

ಕಳೆದುಹೋಗುವುದು ಮುಖ್ಯವಾಗಿ ಜಗಳ. ಶರೀಫರು ಮೊಹರಂಗೆ ರಿವಾಯತ ಪದಗಳನ್ನೂ ಕಟ್ಟಿದವರು. ಧಾರವಾಡ ಸೀಮೆಯ ಊರುಗಳಲ್ಲಿ ಆ ಪದ ಹಾಡುವ ಮೇಳಗಳಲ್ಲಿ ಹಿಂದೂಗಳೂ ಇರುತ್ತಾರೆ. ಮುಸ್ಲಿಂ ಮನೆಯ ಹುಡುಗನನ್ನು ಶಿಷ್ಯನಾಗಿ ತಗೊಂಡ ಬ್ರಾಹ್ಮಣ ಗುರುವನ್ನು ಸ್ವಂತ ಜನ ದೂರ ಇಟ್ಟ ಕತೆ ಆ ಕಡೆ ಇನ್ನೂ ಹೇಳ್ತಾರೆ. ಶಿಶುನಾಳದ ಗದ್ದುಗೆಗೆ ಇವತ್ತಿಗೂ ಎರಡೂ ಕಡೆಯವರು ನಡ್ಕೋತಾರೆ. ಅದೇ ಹೊತ್ತಿಗೆ, ಅಲ್ಲಿಂದ ಬಸ್ಸಿನಲ್ಲಿ ಒಂದು ತಾಸಿನ ಆಸುಪಾಸಿನಲ್ಲಿರುವ ಹುಬ್ಬಳ್ಳಿ ಅಂದರೆ ಹೊರಗಿನವರಿಗೆ ಈದ್ಗಾ ಮೈದಾನ. 1994ರ ಆಗಸ್ಟ್ 15ರಂದು ಧ್ವಜದ ವಿವಾದದಲ್ಲಿ ಇಲ್ಲಿ ಗೋಲಿಬಾರ್ ಆಗಿ ಜನ ಸತ್ತರು. 2022ರಲ್ಲಿ ಅದೇ ಮೈದಾನದಲ್ಲಿ ಗಣಪತಿ ಕೂಡಿಸುವ ವ್ಯಾಜ್ಯ ಧಾರವಾಡದ ಹೈಕೋರ್ಟ್ ಪೀಠದ ತನಕ ಹೋಯಿತು. ಈ ಊರಿನಲ್ಲಿ ಶರೀಫರ ಪದ ಹಾಡೋದು ಬರೀ ಅಧ್ಯಾತ್ಮ ಆಗೋಕೆ ಸಾಧ್ಯ ಇಲ್ಲ. ವಿದೇಶಿ ವೇದಿಕೆಯಲ್ಲಿ ‘ಹತ್ತೊಂಬತ್ತನೇ ಶತಮಾನದ ಸಂತ ಕವಿ’ ಅಂದರೆ ಸಾಕಾಗಬಹುದು, ನಮಗೆ ಸಾಕಾಗಲ್ಲ. ಬ್ಯಾಂಡಿನ ಮೇಲೆ ನನ್ನ ತಕರಾರು ಏನಾದರೂ ಇದ್ದರೆ ಇದೇ: ಶರೀಫರನ್ನು ಎಲ್ಲರಿಗೂ ಹಿತವಾಗುವ ಹಾಗೆ ಹಾಡಿದರು.

ಎರಡನೇ ಆಲ್ಬಮ್‌ನಲ್ಲಿ ಏನು ಬದಲಾಯಿತು

‘ಜಗ್ ಚಂಗಾ’ 2013ರಲ್ಲಿ ಬಂತು. ಶರೀಫರು ಇಲ್ಲೂ ಇದ್ದಾರೆ, ‘ಲೋಕದ ಕಾಳಜಿ’ ಮತ್ತು ‘ಕೋಡಗನ ಕೋಳಿ ನುಂಗಿತ್ತ’. ಆದರೆ ಕೇಳಿದ ಕೂಡಲೇ ಗೊತ್ತಾಗುವ ವ್ಯತ್ಯಾಸ ಮಾಮಾ ಹೇಳಿದ ಆ ‘ಜಗಾ’ದ್ದು. ಮೊದಲ ಆಲ್ಬಮ್‌ನಲ್ಲಿ ಕಂಠ ಮುಂದೆ, ವಾದ್ಯಗಳು ಹಿಂದೆ. ವರ್ಷಗಟ್ಟಲೆ ಒಬ್ಬನೇ ಗಿಟಾರ್ ಹಿಡಿದು ಹಾಡಿಕೊಂಡ ಹಾಡುಗಳಿಗೆ ಆಮೇಲೆ ಬ್ಯಾಂಡು ಸೇರಿಸಿದ ಹಾಗೆ ಅದು ಕೇಳುತ್ತೆ. ಎರಡನೆಯದು ಐದು ವರ್ಷ ಬಸ್ಸು, ವಿಮಾನ, ಸೌಂಡ್‌ಚೆಕ್ ಅಂತ ಜೊತೆಗೆ ತಿರುಗಿದವರ ಆಲ್ಬಮ್. ಕೊಳಲು, ಪಿಟೀಲು, ಗಿಟಾರು ಕಂಠಕ್ಕೆ ಉತ್ತರ ಕೊಡ್ತವೆ, ಕೆಲವು ಕಡೆ ಕಂಠವೇ ಸುಮ್ಮನಾಗಿ ಅವಕ್ಕೆ ದಾರಿ ಬಿಡುತ್ತೆ. ಕೊಳಲಿನ ಪಾರ್ಥ್ ಚಂದಿರಮಾನಿ, ಗಿಟಾರಿನ ಬ್ರೈಡನ್ ಲೂಯಿಸ್ ಈ ಹೊತ್ತಿಗೆ ಬ್ಯಾಂಡಿನಲ್ಲಿದ್ದರು. ಹೊರಗಿನ ಅತಿಥಿ ಕಲಾವಿದರೂ ಬಂದರು. ‘ಪ್ರಾಜೆಕ್ಟ್’ ಅನ್ನುವ ಮಾತು ನಿಜವಾಗಿದ್ದು ಇಲ್ಲಿ.

‘ಲೋಕದ ಕಾಳಜಿ’ ಇದಕ್ಕೆ ಒಳ್ಳೆ ಉದಾಹರಣೆ. ಶರೀಫರ ಪದದಲ್ಲಿ ಒಬ್ಬ ಯಜಮಾನನಿಗೆ ಬುದ್ಧಿ ಹೇಳುವ ದನಿ ಇದೆ: ಊರ ಚಿಂತೆ ಎಲ್ಲಾ ನಿಂದೇ ಅಂತ ಯಾಕೆ ಹೊತ್ಕೋತೀಯಾ? ಬ್ಯಾಂಡು ಇದನ್ನ ಉಪದೇಶದ ಗಾಂಭೀರ್ಯದಲ್ಲಿ ಹಾಡಲ್ಲ. ಕಟ್ಟೆಯ ಮೇಲೆ ಕೂತು ಗೆಳೆಯನ ಕಾಲೆಳೆಯುವ ಲಹರಿ ಅದು. ಓಟ ಏರುತ್ತಾ ಹೋಗಿ ಕೊನೆಗೆ ಎಲ್ಲರೂ ಸೇರಿ ಹಾಡುವಾಗ ನನಗೆ ಮೊದಲ ಸಲ ಭಜನಿ ಮೇಳದ ನೆನಪಾಯಿತು. ಗಿಟಾರ್ ಇದ್ದೂ ನೆನಪಾಯಿತು, ವಿಶೇಷ ಅದು. ಕೋಡಗದ ಪದ ನನಗೆ ಅಷ್ಟು ಹಿಡಿಸಲಿಲ್ಲ. ಅದು ಒಗಟಿನ ಪದ, ಬೆಡಗಿನ ಜಾತಿಯದು. ಒಂದೊಂದು ಒಗಟೂ ಕಿವಿಗೆ ಇಳಿಯೋಕೆ ಬಿಡುವು ಬೇಕು. ವಾದ್ಯಗಳ ಸಂಭ್ರಮದಲ್ಲಿ ಮಾತು ಓಡಿಹೋಗುತ್ತೆ.

ಇನ್ನೊಂದು ಸಂಗತಿ ಭಾಷೆಯದ್ದು. ಮೈಸೂರಿನಲ್ಲಿ ಬೆಳೆದ ಕಂಠ ‘ಮಾಳಿಗಿ’ ಅಂತಲೇ ಹಾಡುತ್ತೆ, ‘ಮಾಳಿಗೆ’ ಅಂತ ತಿದ್ದಲ್ಲ. ಸಣ್ಣ ವಿಷಯ ಅನ್ನಿಸಬಹುದು. ಸಿನಿಮಾದಲ್ಲಿ ಹುಬ್ಬಳ್ಳಿ-ಧಾರವಾಡದ ಮಾತು ಅಂದರೆ ನಗೆಪಾತ್ರದ ಮಾತು ಅಂತ ಇದ್ದ ಕಾಲ ಅದು. ಕಾಲೇಜಿನ ಕ್ಯಾಂಪಸ್ ಇಂಟರ್‌ವ್ಯೂಗೆ ಮುಂಚೆ ‘ನಿಮ್ಮ ಕಡೆ ಭಾಷೆ ಸ್ವಲ್ಪ ತಿದ್ಕೊಳ್ಳಿ’ ಅಂತ ನಮಗೆ ತರಬೇತಿ ಕೊಟ್ಟವರೊಬ್ಬರು ಹೇಳಿದ್ದು ಮರೆತಿಲ್ಲ. ಅಂಥದ್ದರಲ್ಲಿ ಆ ‘ಇ’ಕಾರ ತಿದ್ದಿಸಿಕೊಳ್ಳದೆ ಬಿಬಿಸಿಗೆ ಹೋದದ್ದು ನಮಗೆ ಎಷ್ಟು ದೊಡ್ಡದಾಗಿತ್ತು ಅಂತ ಬೆಂಗಳೂರಿನ ಗೆಳೆಯರಿಗೆ ತಿಳಿಸೋದು ಕಷ್ಟ.

ಹೆಸರು ಮತ್ತು ಹಕ್ಕು

ಶರೀಫರು ತೀರಿಕೊಂಡದ್ದು 1889ರಲ್ಲಿ. 1957ರ ಕಾಪಿರೈಟ್ ಕಾಯ್ದೆಯ ಪ್ರಕಾರ ಲೇಖಕರು ತೀರಿದ 60 ವರ್ಷಗಳ ತನಕ ಹಕ್ಕು. ಹಾಗಾಗಿ ಪದಗಳು ಯಾರ ಸ್ವತ್ತೂ ಅಲ್ಲ, ಯಾರು ಬೇಕಾದರೂ ಹಾಡಬಹುದು. ಹಾಡಿ ಧ್ವನಿಮುದ್ರಣ ಮಾಡಿದರೆ ಮಾತ್ರ ಆ ಮುದ್ರಣಕ್ಕೆ ಬೇರೆ ಹಕ್ಕು ಹುಟ್ಟುತ್ತೆ, ಅದು ಪ್ರಕಟವಾದ ಮೇಲೆ 60 ವರ್ಷ. ಅಂದರೆ ಪುಸ್ತಕ ಇಲ್ಲದ ಕಾಲದಿಂದ ಪದವನ್ನು ಬಾಯಲ್ಲಿ ಇಟ್ಟುಕೊಂಡು ಬಂದ ಮೇಳಗಳಿಗೆ ಕಾನೂನಿನಲ್ಲಿ ಜಾಗ ಇಲ್ಲ. ಅದನ್ನು ಸ್ಟುಡಿಯೋಕ್ಕೆ ಒಯ್ದವರಿಗೆ ಇದೆ. ಇದು ಈ ಬ್ಯಾಂಡಿನ ತಪ್ಪಲ್ಲ. ಕ್ಯಾಸೆಟ್ ಕಾಲದಲ್ಲೂ ಹೀಗೇ ಇತ್ತು. 2012ರ ತಿದ್ದುಪಡಿ ಗೀತರಚನೆಕಾರರಿಗೆ, ಸಂಗೀತ ಸಂಯೋಜಕರಿಗೆ ಬಿಟ್ಟುಕೊಡಲಾಗದ ರಾಯಧನದ ಹಕ್ಕು ಕೊಟ್ಟಿತು, ಒಳ್ಳೆಯದೇ. ಆದರೆ ಅಲ್ಲೂ ‘ಸಮುದಾಯ’ ಅನ್ನೋ ಕಾಲಮ್ ಇಲ್ಲ. ಜನಪದ ಅಂತ ನಾವು ಭಾಷಣ ಮಾಡುವಾಗ ಇದನ್ನೂ ಸ್ವಲ್ಪ ಮಾತಾಡಬೇಕು.

ಹೆಸರಿನ ವಿಷಯ ಬ್ಯಾಂಡಿನ ಒಳಗೂ ಇದೆ. 2018ರ ಅಕ್ಟೋಬರ್‌ನಲ್ಲಿ ಮೀಟೂ ಅಲೆ ಎದ್ದಾಗ ಗಾಯಕಿ ಚಿನ್ಮಯಿ ಶ್ರೀಪಾದ, ಹೆಸರು ಹೇಳಿಕೊಳ್ಳದ ಗಾಯಕಿಯೊಬ್ಬರ ಅನುಭವವನ್ನು ಟ್ವಿಟರ್‌ನಲ್ಲಿ ಹಂಚಿಕೊಂಡರು. ಅದು ತಮ್ಮ ಬಗ್ಗೆಯೇ ಎಂದು ಒಪ್ಪಿದ ರಘು ದೀಕ್ಷಿತ್, ಕೆಲವು ವಿವರಗಳಿಗೆ ತಕರಾರು ಹೇಳಿದರೂ, ಸಾರ್ವಜನಿಕವಾಗಿ ಕ್ಷಮೆ ಕೇಳಿದರು. ನಾನು ಆಗ ಆರೇಳು ತಿಂಗಳು ಈ ಹಾಡುಗಳನ್ನು ಹಾಕಲಿಲ್ಲ. ಅದರಿಂದ ಯಾರಿಗೆ ಏನಾಯಿತೋ ಗೊತ್ತಿಲ್ಲ. ಕೇಳೋಕೆ ಮನಸ್ಸು ಬರಲಿಲ್ಲ, ಅಷ್ಟೇ. ಆ ದಿನಗಳಲ್ಲಿ ಹೊಳೆದದ್ದು ಒಂದೇ: ಹತ್ತಾರು ಜನ ಬೆವರು ಸುರಿಸಿದ ಗುಂಪಿಗೆ ಒಬ್ಬನ ಹೆಸರಿಟ್ಟರೆ, ಬೆಳಕು ಬಿದ್ದಾಗ ಆ ಒಬ್ಬನ ಮೇಲೆ ಬೀಳುತ್ತೆ, ಕತ್ತಲೆ ಕವಿದಾಗ ಎಲ್ಲರ ಮೇಲೂ. ಪಿಟೀಲು, ಕೊಳಲು, ಬಾಸ್ ನುಡಿಸಿದವರು ಏನೂ ಮಾಡದೆ ನನ್ನ ಫೋನಿನಿಂದ ಹೊರಗೆ ಹೋಗಿದ್ದರು. ಭಜನಿ ಮೇಳಗಳಿಗೆ ಊರಿನ ಹೆಸರು, ದೇವರ ಹೆಸರು ಇಡೋದು ಬರೀ ಭಕ್ತಿಗೆ ಅಂತ ನಾನು ಅಂದುಕೊಂಡಿದ್ದೆ.

ಈಗ ಮತ್ತೆ ಕೇಳ್ತೀನಿ, ‘ಜಗ್ ಚಂಗಾ’ವನ್ನೇ ಹೆಚ್ಚು. ಎರಡರಲ್ಲಿ ಅದೇ ಒಳ್ಳೆಯ ಆಲ್ಬಮ್. ಮೊದಲನೆಯದು ಬಾಗಿಲು ಒದ್ದು ತೆಗೆದದ್ದು, ಹಾಗಾಗಿ ಅದರ ಮೇಲೆ ಮಮತೆ ಜಾಸ್ತಿ. ಹೊಸದಾಗಿ ಕೇಳುವವರು ಗುಡುಗುಡಿಯಿಂದ ಶುರುಮಾಡಿ, ಲೋಕದ ಕಾಳಜಿಗೆ ಹೋಗಿ, ನಡುವೆ ಸಾಧ್ಯವಾದರೆ ಯಾವುದಾದರೂ ಊರಿನ ಭಜನಿ ಮೇಳದಲ್ಲಿ ಒಂದು ರಾತ್ರಿ ಕೂತು ಬನ್ನಿ.

ಹೋದ ವರ್ಷ ಶ್ರಾವಣದಲ್ಲಿ ನಾನು ಹೋಗಿದ್ದೆ. ಮಾಮಾಗೆ ಈಗ ಎಪ್ಪತ್ತು ದಾಟಿದೆ, ಮುಂದಿನ ದನಿ ಬೇರೆ ಹುಡುಗನದು. ಹನ್ನೊಂದು ಗಂಟೆ ಹೊತ್ತಿಗೆ ಆ ಹುಡುಗ ಗುಡುಗುಡಿ ಪದ ಎತ್ತಿದ. ಬ್ಯಾಂಡಿನ ದಾಟಿಯಲ್ಲೇ. ಮಾಮಾ ಹಾರ್ಮೋನಿಯಂ ನಿಲ್ಲಿಸಿದರು.

‘ಅಷ್ಟು ಮ್ಯಾಲೆ ಎತ್ತಬ್ಯಾಡೋ, ಹಿಂದಿನವ್ರಿಗೆ ನಿಲುಕಂಗಿಲ್ಲ. ಕಾಳಿ ಎರಡಕ್ಕ ಬಾ.’

ಹುಡುಗ ಸ್ವರ ಇಳಿಸಿದ. ದಾಟಿ ಅದೇ ಇತ್ತು. ಹಿಮ್ಮೇಳದವರು ಪಲ್ಲವಿ ಹಿಡಿದರು.